ಹಸಿರು ಸಿಪ್ಪೆಯ ಬಾಳೆಹಣ್ಣು

ಆಪರೇಷನ್ ಥಿಯೇಟರಿನಲ್ಲಿ ನಾನು ಹೇಳಬೇಕಾದದ್ದು ಒಂದೇ ಮಾತು, 'ಸೇಫ್' ಅಥವಾ 'ನಾಟ್ ಸೇಫ್'. ತಲೆಬುರುಡೆ ತೆರೆದು ರೋಗಿಯನ್ನು ಎಚ್ಚರಗೊಳಿಸಿದ ಮೇಲೆ, ಸರ್ಜನ್ ಎರಡು ಮೊನೆಯ ಒಂದು ಕಡ್ಡಿಯಿಂದ ಮಿದುಳಿನ ಮೇಲ್ಮೈಗೆ ತುಸು ಕರೆಂಟು ಮುಟ್ಟಿಸುತ್ತಾರೆ. ಮುಟ್ಟಿಸಿದ ಜಾಗ ಆ ನಾಲ್ಕು ಸೆಕೆಂಡು ಕೆಲಸ ನಿಲ್ಲಿಸುತ್ತದೆ. ಅಷ್ಟರಲ್ಲಿ ನಾನು ಹಸಿರು ಬಟ್ಟೆಯ ಮರೆಯಲ್ಲಿ ರೋಗಿಯ ಮುಖಕ್ಕೆ ಮುಖ ಕೊಟ್ಟು ಕೂತು ಒಂದು ಚಿತ್ರ ತೋರಿಸಬೇಕು. ಉತ್ತರ ತಪ್ಪಿದರೆ ಆ ಜಾಗವನ್ನು ಮುಟ್ಟುವಂತಿಲ್ಲ. ಸರಿಯಾಗಿ ಬಂದರೆ ಅಲ್ಲಿ ಕತ್ತರಿ ಆಡುತ್ತದೆ. ನನ್ನ ಹಿರಿಯ ಸಹೋದ್ಯೋಗಿಯ ಹಿಂದೆ ನಿಂತು ಇದನ್ನು ಎಷ್ಟೋ ಸಲ ನೋಡಿದ್ದೆ. ಒಬ್ಬಳೇ ಕೂತು ಆ ಮಾತು ಹೇಳಿದ್ದು ಇದೇ ಮೊದಲು. ನನಗೆ ಆ ಕೆಲಸ ಬಂದದ್ದು ಜಾಣತನಕ್ಕಲ್ಲ ಬಿಡಿ, ಆಸ್ಪತ್ರೆಯಲ್ಲಿ ಕನ್ನಡ ಬರುವ ಪರೀಕ್ಷಕಿ ನಾನೊಬ್ಬಳೇ ಇದ್ದೆ.

ರೋಗಿ ವಿಜಯಪುರ ಕಡೆಯ ವೈರ್‌ಮನ್. ಖಾರಘರದಲ್ಲಿ ಗುಡ್ಡದ ಬುಡಕ್ಕೆ ಏಳುತ್ತಿರುವ ಟವರುಗಳಿಗೆ ವೈರಿಂಗ್ ಮಾಡುತ್ತ ಹತ್ತಾರು ವರ್ಷ ಕಳೆದವರು. ಸೈಟಿನ ಹಿಂದಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಗಾಬರಿಯಾದರೆ ಬಾಯಿಗೆ ಬರುವುದು ಊರಿನ ಕನ್ನಡ ಮಾತ್ರ. ತಲೆ ತೆರೆದುಕೊಂಡು ಮಲಗಿದವರಿಗೆ ಗಾಬರಿಯಾಗದೆ ಇರುತ್ತದೆಯೇ?

ಅವರ ಮಿದುಳಿನಲ್ಲಿ ರಕ್ತನಾಳಗಳ ಎರಡು ಗಂಟುಗಳಿದ್ದವು. ಹಿಪ್ಪುನೇರಳೆ ಹಣ್ಣಿನಂತೆ ಕಾಣುವ, ಆಗಾಗ ಸೋರುವ ಗಂಟುಗಳು. ಎಡಬದಿಯದು ಹಿಂದಿನ ವರ್ಷ ಸೋರಿ, ತಲೆನೋವು ಎಂದು ಎರಡು ದಿನ ಮಲಗಿಸಿ, ಯಾರಿಗೂ ಗೊತ್ತಾಗದಂತೆ ಒಂದು ವಸ್ತುವನ್ನು ತೆಗೆದುಕೊಂಡು ಹೋಗಿತ್ತು. ಅದೇನೆಂದು ಗೊತ್ತಾದದ್ದು ನನ್ನ ಮೇಜಿನ ಮುಂದೆ. ನನ್ನ ಮೂಗನ್ನೇ ನೋಡುತ್ತಿರಿ ಎಂದು ಹೇಳಿ ಪೆನ್ನಿನ ಕೆಂಪು ಮುಚ್ಚಳವನ್ನು ಅವರ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದೆ.

"ನಡುವ ದಾಟಿದ ಕೂಡ್ಲೆ ತೊಳದಂಗ ಆತ್ರಿ ಅಕ್ಕಾರ," ಎಂದರು. "ಮುಚ್ಚಳ ಕಾಣ್ತೈತಿ. ಬಣ್ಣ ಇಲ್ಲ. ಬೂದಿ ಆತು."

ಬೋರ್ಡಿನ ಮುಂದೆ ನಿಂತಾಗ ಕೆಲವು ತಿಂಗಳಿಂದ ತಲೆಯನ್ನು ಬಲಕ್ಕೆ ತಿರುಗಿಸಿ, ವೈರುಗಳನ್ನು ಎಡಗಡೆಗೆ ತಂದುಕೊಂಡು ನೋಡುತ್ತಿದ್ದರಂತೆ. ಹೇಳಿದರೆ ಸೂಪರ್‌ವೈಸರ್ ಕೆಲಸದಿಂದ ತೆಗೆಯುತ್ತಾನೆಂದು ಹೆಂಡತಿಗೂ ಹೇಳಿರಲಿಲ್ಲ.

ಇದನ್ನು ಓದುವವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಬಣ್ಣ ಕಣ್ಣಿನೊಳಗೆ ಸಿದ್ಧವಾಗಿ ಬಂದು ಕೂರುವುದಿಲ್ಲ. ಕಣ್ಣು ಕಳಿಸಿದ್ದನ್ನು ತಲೆಯ ಹಿಂಭಾಗದಲ್ಲಿರುವ ಮಿದುಳಿನ ತೊಗಟೆ ಮೊದಲು ಬಿಡಿಸುತ್ತದೆ. ಗೆರೆ ಎಲ್ಲಿದೆ, ಅಂಚು ಎಲ್ಲಿದೆ, ಯಾವ ಬಗೆಯ ಬೆಳಕು ಎಷ್ಟಿದೆ ಎಂಬ ಲೆಕ್ಕ ಅಲ್ಲಿ ಆಗುತ್ತದೆ. ಅಲ್ಲಿಂದ ಮುಂದೆ, ಮಿದುಳಿನ ತಳದಲ್ಲಿ, ಕಿವಿಯ ಹಿಂದಕ್ಕೆ ಒಂದು ಪಟ್ಟಿಯಿದೆ. ಅದು ಸುತ್ತಲಿನ ಬೆಳಕನ್ನೆಲ್ಲ ತೂಗಿ ನೋಡಿ ಇದು ಕೆಂಪು ಎಂದು ತೀರ್ಮಾನಿಸುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿದ ಸೀರೆ ಹೊರಗಿನ ಬಿಸಿಲಿನಲ್ಲೂ ಅದೇ ಕೆಂಪಾಗಿ ಕಾಣುವುದು ಈ ತೂಗುವಿಕೆಯಿಂದ. ಬಲಗಡೆಯ ಪಟ್ಟಿ ನೋಟದ ಎಡ ಅರ್ಧಕ್ಕೆ, ಎಡಗಡೆಯದು ಬಲ ಅರ್ಧಕ್ಕೆ. ಇವರ ಎಡಪಟ್ಟಿ ಹೋಗಿತ್ತು. ಈಗ ಬಲಗಡೆಯ ಗಂಟು ಸೋರಲು ಶುರುವಾಗಿತ್ತು, ಅದು ಉಳಿದ ಪಟ್ಟಿಯ ಅಡಿಗೇ ಕೂತಿತ್ತು. ತೆಗೆಯದಿದ್ದರೆ ದೊಡ್ಡ ರಕ್ತಸ್ರಾವ. ತೆಗೆಯುವ ದಾರಿಯಲ್ಲಿ ಪಟ್ಟಿ ಹೋದರೆ ಆಮೇಲೆ ಅವರಿಗೆ ಜಗತ್ತಿನಲ್ಲಿ ಬಣ್ಣವೇ ಇಲ್ಲ. ಮಗಳ ಮುಖ, ಅನ್ನ, ಆಕಾಶ, ವೈರು, ಎಲ್ಲವೂ ಬೂದಿ.

ಪಟ್ಟಿ ಸರಿಯಾಗಿ ಎಲ್ಲಿದೆ ಎಂದು ಸ್ಕ್ಯಾನ್ ಹೇಳುವುದು ಅಂದಾಜು ಮಾತ್ರ. ಒಬ್ಬರಿಂದ ಒಬ್ಬರಿಗೆ ಬೆರಳಗಲ ಆಚೀಚೆ ಆಗುತ್ತದೆ. ಆ ಬೆರಳಗಲವನ್ನು ಹುಡುಕುವುದು ನನ್ನ ಕೆಲಸವಾಗಿತ್ತು.

ಆ ವಾರವೆಲ್ಲ ಡೊಂಬಿವಲಿಯ ಮನೆಯಿಂದ ಲೋಕಲ್ ರೈಲಿನಲ್ಲಿ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಖಾರಘರದ ಆಸ್ಪತ್ರೆಗೆ ಹೋಗುವಾಗ, ಲೇಡೀಸ್ ಡಬ್ಬಿಯಲ್ಲಿ ಎದುರು ನಿಂತವರ ದುಪಟ್ಟಾ ನೋಡಿದರೂ ಅದರ ಬಣ್ಣ ತೊಳೆದುಹೋದರೆ ಹೇಗಿರುತ್ತದೆ ಎಂಬ ಯೋಚನೆಯೇ ಬರುತ್ತಿತ್ತು. ಹೆದರಿಕೆ ಒಂದು ಕಡೆ, ತಯಾರಿ ಇನ್ನೊಂದು ಕಡೆ. ಮೊದಲು ಬರಿಯ ಬಣ್ಣದ ಚೌಕಗಳನ್ನು ತೋರಿಸಿ ನೋಡಿದೆ. ಅವರು ನೋಡಿ, ಯೋಚಿಸಿ, "ಇದು ನಮ್ಮ ಹಳೇ ಖೋಲಿ ಗ್ವಾಡಿ ಬಣ್ಣ ಐತ್ರಿ, ಅಂದ್ರ ತಿಳಿ ನೀಲಿ, ಹಸರಂತನೂ ಅನಬಹುದು," ಎನ್ನುವಷ್ಟರಲ್ಲಿ ನಾಲ್ಕು ಸೆಕೆಂಡು ಯಾವಾಗಲೋ ಮುಗಿದಿರುತ್ತಿತ್ತು. ಕರೆಂಟನ್ನು ಅದಕ್ಕಿಂತ ಹೆಚ್ಚು ಹೊತ್ತು ಇಡುವಂತಿಲ್ಲ, ಫಿಟ್ಸ್ ಬರುವ ಭಯ.

ಹಾಗಾಗಿ ವಸ್ತುಗಳ ಕಾರ್ಡು ಮಾಡಿದೆ. ಮಾವನ ಹೋಟೆಲು ಮನೆಯ ಹತ್ತಿರವೇ ಇದೆ. ಅಲ್ಲಿನ ಅಡುಗೆಮನೆಗೆ ಹೋಗಿ ಅರಿಸಿನ, ಒಣಮೆಣಸು, ಕರಿಬೇವು, ಟೊಮೆಟೊ, ನಿಂಬೆ ಎಲ್ಲದರ ಫೋಟೋ ತೆಗೆದೆ. ಸ್ಟೇಷನ್ನಿನ ಹೊರಗಿನ ಕೈಗಾಡಿಯಲ್ಲಿ ಬಾಳೆಹಣ್ಣೂ ಸಿಕ್ಕಿತು. ನಮ್ಮ ಕಡೆ ಸಿಗುವ, ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರುವ ಜಾತಿ. ರಾತ್ರಿ ಊಟದ ಹೊತ್ತಿಗೆ ಅಮ್ಮ ಕಾರ್ಡುಗಳನ್ನು ನೋಡಿದರು.

"ಇದೆಂತ, ಬಾಳೆಹಣ್ಣು ಹಸಿರು ಹಾಕಿದ್ದಿ? ಅವರು ಕಾಯಿ ಅಂತ ಹೇಳಿದ್ರೆ?"

"ಹೆಸರು ಕೇಳುದಲ್ಲಮ್ಮ, ಬಣ್ಣ ಕೇಳುದು."

"ಮತ್ತೆ ಅಡುಗೆಮನೆ ಸಾಮಾನು ಯಾಕೆ? ಅರಿಸಿನದ ಬಣ್ಣ ಕಣ್ಣು ಮುಚ್ಚಿ ಕೇಳಿದ್ರೂ ನಾ ಹೇಳ್ತೆ."

ನಾನು ನಕ್ಕು ಸಾರು ಬಡಿಸಿಕೊಂಡೆ. ಆ ಮಾತಿನ ಮೇಲೆ ಅರ್ಧ ನಿಮಿಷ ಕೂತು ಯೋಚಿಸಿದ್ದರೆ ಮುಂದಿನ ಎಷ್ಟೋ ಹೆದರಿಕೆ ತಪ್ಪುತ್ತಿತ್ತು. ಕಾರ್ಡುಗಳು ವಾರ್ಡಿನಲ್ಲಿ ಸೊಗಸಾಗಿ ಕೆಲಸ ಮಾಡಿದವು. ಅವರು ಪಟಪಟನೆ ಉತ್ತರ ಕೊಟ್ಟರು, ಬಾಳೆಹಣ್ಣಿನ ಕಾರ್ಡಿಗೂ "ಹಸರು" ಎಂದರು. ಬೇಗ ಹೇಳಿ, ಕಂಡದ್ದೇ ತಡ ಹೇಳಿಬಿಡಿ ಎಂದು ನಾನೂ ಹುರಿದುಂಬಿಸಿದೆ.

ವಾರ್ಡಿನ ಇನ್ನೊಂದು ಮಾತು ನೆನಪಿದೆ. ಮಂಚದ ಪಕ್ಕದ ದೀಪದ ಪ್ಲಗ್ ಸಡಿಲವಾಗಿ ಒಳಗಿನ ವೈರುಗಳು ಹೊರಗೆ ಕಾಣುತ್ತಿದ್ದವು. ಮಾತಿಗೆ ಮಾತು ಬರಲಿ ಎಂದು, ಅದರಲ್ಲಿ ಅರ್ತಿಂಗ್ ಯಾವುದು ಎಂದು ಕೇಳಿದೆ. ಅವರು ಉತ್ತರಿಸುವ ಮೊದಲು ತಲೆ ತಿರುಗಿಸಿ, ವೈರನ್ನು ಪೂರ್ತಿ ಎಡಗಡೆಗೆ ತಂದುಕೊಂಡು ನೋಡಿದರು.

"ಗ್ರೀನ್, ಇದು. ವೈರಿನ ಬಣ್ಣ ಅಂದಾಜಲೆ ಹೇಳಬಾರದ್ರಿ ಅಕ್ಕಾರ. ಗೊತ್ತಾಗ್ಲಿಲ್ಲಂದ್ರ ಗೊತ್ತಾಗವಲ್ದು ಅನಬೇಕು. ನಮ್ಮ ಉಸ್ತಾದ ಇದನ್ನ ಬಾರಿಸಿ ಕಲಿಸ್ಯಾನ."

ಆಪರೇಷನ್ನಿನ ದಿನ ಬೆಳಿಗ್ಗೆ ಅವರ ಹೆಂಡತಿ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ನೀವ ಒಳಗ ಇರ್ತೀರಲ್ರಿ?" ಎಂದು ಕೇಳಿದರು. ಇರುತ್ತೇನೆ ಎಂದೆ.

ತಲೆ ಕ್ಲಾಂಪಿನಲ್ಲಿ ಬಿಗಿದು, ಎಡಮಗ್ಗುಲಿಗೆ ಮಲಗಿಸಿ, ತೆರೆದ ಭಾಗದ ಈಚೆ ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಆ ಬಟ್ಟೆಯ ಕೆಳಗೆ ಒಂದು ಗುಡಾರದಂಥ ಜಾಗ. ಅದರೊಳಗೆ ಅವರ ಮುಖ, ನಾನು, ನನ್ನ ಟ್ಯಾಬ್ಲೆಟ್. ಪಕ್ಕದಲ್ಲಿ ಅರಿವಳಿಕೆಯ ಡಾಕ್ಟರಮ್ಮ, ಅವರ ಪರದೆಯಲ್ಲಿ ಮಿದುಳಿನ ಅಲೆಗಳು. ಸರ್ಜನ್ನರ ಮುಖ ನನಗೆ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಮೇಲಿನಿಂದ ಬರುತ್ತಿತ್ತು. ರೋಗಿ ಕಣ್ಣು ಬಿಟ್ಟರು. ನಾನು ಹೆಸರು ಕೇಳಿದೆ, ಹೇಳಿದರು. ನಾನು ಯಾರು ಎಂದೆ. "ಬಾಳೆಹಣ್ಣಿನ ಅಕ್ಕಾರ," ಎಂದರು. ಡಾಕ್ಟರಮ್ಮನಿಗೆ ಅದನ್ನು ಹಿಂದಿಯಲ್ಲಿ ಹೇಳಿದಾಗ ಅವರು ನಕ್ಕರು. ನನಗೆ ನಗು ಬರಲಿಲ್ಲ.

ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಚಿತ್ರ ಎಡಗಡೆ ಮೂಡುತ್ತದೆ. ಕಣ್ಣು ಜಾರಿದರೆ ಆ ಸಲದ ಉತ್ತರ ಲೆಕ್ಕಕ್ಕಿಲ್ಲ. ಹಿಂಭಾಗದಿಂದ ಶುರು ಮಾಡಿದರು. ಮೊದಲ ಜಾಗ ಮುಟ್ಟಿಸಿದಾಗ, "ಮಿಂಚಹುಳ ಬಂದಂಗ ಆತ್ರಿ," ಎಂದರು. ಗೆರೆ ಮತ್ತು ಬೆಳಕಿನ ಪ್ರದೇಶ ಅದು, ನಿರೀಕ್ಷಿಸಿದ್ದೇ. ಅಲ್ಲಿ ನಂಬರಿನ ಚಿಕ್ಕ ಚೀಟಿ ಇಟ್ಟು ಮುಂದೆ ಸರಿದರು. ಒಂದೊಂದು ಜಾಗವನ್ನೂ ಬಿಟ್ಟು ಬಿಟ್ಟು ಮೂರು ಸಲ ನೋಡಬೇಕು. ಗಂಟಿಗೆ ಹತ್ತಿರದ ದಾರಿ ಆರಂಭವಾಗುವ ಜಾಗಕ್ಕೆ ಬಂದಾಗ ಸರ್ಜನ್ ಮೇಲಿನಿಂದ "ಅಬ್ ಧ್ಯಾನ್ ಸೇ," ಎಂದು ಎಚ್ಚರಿಸಿದರು.

ಅರಿಸಿನ ತೋರಿಸಿದೆ. "ಹಳದಿ."

ಸುತ್ತು ಹಾಕಿ ಅದೇ ಜಾಗಕ್ಕೆ ಮರಳಿದಾಗ ಒಣಮೆಣಸು. "ಕೆಂಪ."

ಮೂರನೆಯ ಸಲ ಬಾಳೆಹಣ್ಣು. "ಹಳದಿ."

"ಸೇಫ್," ಎಂದೆ.

ಬಾಯಿ ಹೇಳಿತು, ಕಿವಿ ಆಮೇಲೆ ಕೇಳಿಸಿಕೊಂಡಿತು. ಟ್ಯಾಬ್ಲೆಟ್ಟನ್ನು ನೋಡಿದೆ. ಪರದೆಯಲ್ಲಿ ಹಸಿರು ಸಿಪ್ಪೆ. ಮೇಲೆ ಉಪಕರಣ ಕೈ ಬದಲಿಸುವ ಸದ್ದು.

ಬಾಯಿ ತಪ್ಪಿರಬಹುದು, ದಣಿದಿದ್ದಾರೆ ಎಂದುಕೊಂಡೆ. ಅರಿಸಿನ, ಮೆಣಸು ಸರಿಯಾಗಿಯೇ ಹೇಳಿದರಲ್ಲ ಎಂದುಕೊಂಡೆ. ಆಗ ಅಮ್ಮನ ಮಾತು ತಲೆಗೆ ಹೊಡೆಯಿತು. ಅರಿಸಿನದ ಬಣ್ಣವನ್ನು ಕಣ್ಣು ಮುಚ್ಚಿಯೂ ಹೇಳಬಹುದು. ಆಕಾರ ಕಾಣುತ್ತಿದೆ, ಬಣ್ಣ ಹೋಗಿದೆ, ಬೇಗ ಹೇಳಿ ಎಂದು ನಾನು ಬೆನ್ನು ಹತ್ತಿದ್ದೇನೆ. ಮಿದುಳು ಪಾಪ ಏನು ಮಾಡುತ್ತದೆ? ನೆನಪಿನ ಡಬ್ಬಿಯಿಂದ ತೆಗೆದು ಕೊಡುತ್ತದೆ. ಅವರು ಬೇಕೆಂದು ಸುಳ್ಳು ಹೇಳಿರಲಿಲ್ಲ. ಬಾಳೆಹಣ್ಣು ಹಳದಿಯೆಂದು ಅವರ ತಲೆಗೆ ಗೊತ್ತಿತ್ತು, ಅಷ್ಟೇ. ನನ್ನ ಕಾರ್ಡುಗಳೆಲ್ಲ ಹೀಗೆ ತಮ್ಮ ಉತ್ತರ ತಾವೇ ಹೇಳಿಕೊಡುವ ಕಾರ್ಡುಗಳು. ಈ ಒಂದು ಹಸಿರು ಹಣ್ಣು ಮಾತ್ರ ಹಾಗಿರಲಿಲ್ಲ.

ಇದೆಲ್ಲ ಸರಿ, ಆದರೆ ನಾನು ತಪ್ಪಿದ್ದರೆ? ಈ ದಾರಿ ಬಿಟ್ಟರೆ ಉಳಿಯುವುದು ಮುಂದಿನಿಂದ ಹೋಗುವ ಉದ್ದನೆಯ ದಾರಿ. ಅಲ್ಲಿ ನೋಟದ ಎಳೆಗಳು ಹಾದುಹೋಗುತ್ತವೆ, ಮೇಲಿನ ಎಡ ಮೂಲೆ ಕುರುಡಾಗುವ ಸಂಭವ ಹೆಚ್ಚು ಎಂದು ಸರ್ಜನ್ ಮೊದಲೇ ಹೇಳಿದ್ದರು. ಬಾಯಿ ತಪ್ಪಿ ಬಂದ ಒಂದು ಮಾತಿಗೆ ಆ ಮನುಷ್ಯನ ನೋಟದ ಒಂದು ತುಂಡನ್ನು ಬಲಿ ಕೊಟ್ಟಂತಾಗುತ್ತದೆ. ಸುಮ್ಮನಿದ್ದುಬಿಡಲೇ ಎಂಬ ಯೋಚನೆ ಬಂದದ್ದು ನಿಜ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಸೇಫ್ ಹೈ ನಾ? ಜಾ ರಹಾ ಹೂಂ," ಕತ್ತರಿಸಲು ಹೊರಡುತ್ತಿದ್ದ ಸರ್ಜನ್ ಮೇಲಿನಿಂದ ಕೇಳಿದರು.

"ರುಕಿಯೇ ಸರ್," ಎಂದು ತಡೆದೆ. ಧ್ವನಿ ನನ್ನದೇ ಎಂದು ನಂಬಲಾಗಲಿಲ್ಲ. "ನಾಟ್ ಸೇಫ್. ಶಾಯದ್." ಬಹುಶಃ.

"ಅಭೀ ತೋ ಸೇಫ್ ಬೋಲಾ. ಶಾಯದ್ ಕ್ಯಾ ಹೋತಾ ಹೈ?" ಎಂದರು ಸರ್ಜನ್. ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಬಾಳೆಹಣ್ಣಿನ ವಿಷಯ ಹೇಳಿದೆ. ಇಂಥದೇ ಬಣ್ಣ ಎಂದು ಮೊದಲೇ ಗೊತ್ತಿರದ ವಸ್ತುವಿನಿಂದ ಮತ್ತೆ ನೋಡಬೇಕು ಎಂದೆ. ಯಾವುದರಿಂದ ಎಂದು ಕೇಳಿದರು. ಬಣ್ಣದ ಚೌಕ ತೋರಿಸಿದರೆ ಮತ್ತೆ ಹಳೇ ಖೋಲಿಯ ಗೋಡೆ ಬರುತ್ತದೆ.

ರೋಗಿ ಇದನ್ನೆಲ್ಲ ಕೇಳುತ್ತಿದ್ದರು. ಹಿಂದಿ ಅವರಿಗೆ ತಿಳಿಯುತ್ತದೆಂಬುದು ನನಗೆ ಮರೆತೇ ಹೋಗಿತ್ತು. "ಏನ್ ತಪ್ಪಾತ್ರಿ ಅಕ್ಕಾರ? ನಾ ಏನರ ತಪ್ಪ ಹೇಳಿದ್ನ್ಯಾ?" ಎಂದರು. ಅವರ ನಾಲಿಗೆ ಒಣಗಿತ್ತು. ಇಲ್ಲ ಅಣ್ಣ, ನೀವು ಸರಿ ಇದ್ದೀರಿ ಎಂದು ಹೇಳಿ ತುಟಿಗೆ ಒದ್ದೆ ಹತ್ತಿ ಒತ್ತಿದೆ. ಕೈ ಹಿಂದಕ್ಕೆ ತೆಗೆಯುವಾಗ ಅವರ ಎದೆಯಿಂದ ಬರುತ್ತಿದ್ದ ಇಸಿಜಿ ವೈರುಗಳಿಗೆ ತೊಡರಿತು. ಕೆಂಪು, ಹಳದಿ, ಹಸಿರು. ಡಾಕ್ಟರಮ್ಮನ ಕಡೆ ತಿರುಗಿ, ಇನ್ನೊಂದು ಸೆಟ್ ಇದೆಯೇ ಎಂದು ಕೇಳಿದೆ. ಅವರು ಡ್ರಾಯರಿನಿಂದ ತೆಗೆದುಕೊಟ್ಟರು.

"ಅಣ್ಣ, ಇನ್ನು ಮುಂದೆ ವಸ್ತು ಇಲ್ಲ. ವೈರು ತೋರಿಸ್ತೇನೆ. ಬೇಗ ಹೇಳುದು ಬೇಡ. ಸೈಟಿನಲ್ಲಿ ಹ್ಯಾಗೆ ಹೇಳ್ತೀರೋ ಹಾಗೆ."

"ವೈರ್ ಏನ್ರಿ?" ಅವರ ಮುಖ ಸ್ವಲ್ಪ ಸಡಿಲವಾಯಿತು. "ತೋರಸ್ರಿ."

ಕರೆಂಟು ಕೊಡುತ್ತಾರೋ ಇಲ್ಲವೋ ಎಂದು ನನಗೂ ಹೇಳಬೇಡಿ ಎಂದು ಸರ್ಜನ್ನರನ್ನು ಕೇಳಿಕೊಂಡೆ. ಗೊತ್ತಿದ್ದರೆ ನನ್ನ ಮುಖವೇ ಉತ್ತರ ಹೇಳಿಕೊಟ್ಟೀತು. ಚುಕ್ಕೆಯನ್ನು ನೋಡುತ್ತಿರುವ ಅವರ ಎಡಗಡೆಗೆ ವೈರು ಹಿಡಿದೆ.

"ರೆಡ್." ಅಚ್ಚುಕಟ್ಟಾಗಿ ಬಂತು.

"ಯಲ್ಲೋ."

ಮೂರನೆಯದಕ್ಕೆ ಅವರ ಹುಬ್ಬು ಗಂಟಿಕ್ಕಿತು. "ಗೊತ್ತಾಗವಲ್ದ್ರಿ," ಎಂದರು. "ವೈರ್ ಐತಿ. ಬಣ್ಣ ಇಲ್ಲ." ಒಂದು ಕ್ಷಣ ಬಿಟ್ಟು, "ಈಗ ಬಂತು. ಗ್ರೀನ್."

ಕರೆಂಟು ಕೊಟ್ಟದ್ದು ಆ ಮೂರನೆಯ ಸಲ ಮಾತ್ರ ಎಂದರು ಸರ್ಜನ್. ಮತ್ತೊಮ್ಮೆ ನೋಡೋಣ ಎಂದು ಕರೆಂಟು ಮುಟ್ಟಿಸಿದಾಗ ಡಾಕ್ಟರಮ್ಮ ತಟ್ಟನೆ ಪರದೆಯತ್ತ ಬಾಗಿದರು. ಅಲೆಗಳು ಚೂಪಾಗಿ ಏಳುತ್ತಿದ್ದವು. ರೋಗಿಯ ತುಟಿಯ ಎಡ ಅಂಚು ಎಳೆಯತೊಡಗಿತು. ತಲೆ ಕ್ಲಾಂಪಿನಲ್ಲಿರುವಾಗ ಮೈಯೆಲ್ಲ ಫಿಟ್ಸ್ ಬಂದರೆ ಏನಾಗುತ್ತದೆಂದು ನನಗೆ ಪಾಠದಲ್ಲಿ ಗೊತ್ತಿತ್ತು. ಐಸಿನಲ್ಲಿಟ್ಟ ನೀರನ್ನು ಮಿದುಳಿನ ಮೇಲೆ ಸುರಿದರು. ನಾನು ಮಾಡುವಂಥದ್ದು ಏನೂ ಇರಲಿಲ್ಲ. ಅವರ ಕೈ ಹಿಡಿದುಕೊಂಡು, ನಾನಿದ್ದೇನೆ ಅಣ್ಣ, ನಾನಿದ್ದೇನೆ ಎನ್ನುತ್ತ ಕೂತೆ. ನನ್ನಿಂದಲೇ ಇದಾಯಿತು, ಒಂದು ಸಂಶಯಕ್ಕಾಗಿ ಇವರನ್ನು ಕೊಂದೆ ಎಂದೇ ಅನಿಸಿತು. ಅಲೆಗಳು ಕೊನೆಗೆ ಮಲಗಿದವು. ತುಟಿ ನಿಂತಿತು. ಅವರು ಕಣ್ಣು ಪಿಳುಕಿಸಿ, ಚಳಿ ಎಂದರು.

ಸ್ವಲ್ಪ ಹೊತ್ತು ಬಿಟ್ಟು, ಕರೆಂಟು ತಗ್ಗಿಸಿ, ಕೊನೆಯ ಸಲ ನೋಡಿದೆವು. ಮತ್ತೆ ಅದೇ ಉತ್ತರ, ವೈರ್ ಐತಿ, ಬಣ್ಣ ಇಲ್ಲ. ಸರ್ಜನ್ ಆ ಜಾಗದ ಚೀಟಿ ಬದಲಿಸಿದರು. ಆಮೇಲೆ ನನಗೆ ಹೇಳಿದರು, ಈಗ ಮುಂದಿನಿಂದ ಹೋಗಬೇಕು, ಎರಡೂ ದಾರಿಗೆ ಅವರು ಸಹಿ ಹಾಕಿದ್ದಾರೆ, ಆದರೂ ಎಚ್ಚರವಿದ್ದಾರಲ್ಲ, ಅವರ ಭಾಷೆಯಲ್ಲೇ ಕೇಳು.

ಕೇಳಿದೆ. ಮೇಲಿನ ಎಡ ಮೂಲೆ ಕಾಣದೆ ಹೋಗಬಹುದು, ಬಣ್ಣ ಉಳಿಯಬಹುದು. ಎರಡೂ 'ಬಹುದು'.

ಅವರು ಬಹಳ ಯೋಚಿಸಲಿಲ್ಲ. "ಮ್ಯಾಲಿಂದು ಕಾಣ್ಲಿಲ್ಲಂದ್ರ ಕುತಗಿ ಎತ್ತಿ ನೋಡ್ತೀನ್ರಿ. ಬಣ್ಣ ಹೋದ್ರ ಎಲ್ಲಿಂದ ತರ್ಲಿ?"

ಗಂಟು ಹೊರಬರುವ ತನಕ ಅವರಿಗೆ ವೈರು ತೋರಿಸುತ್ತಲೇ ಇದ್ದೆ. ರೆಡ್, ಗ್ರೀನ್, ಯಲ್ಲೋ, ರೆಡ್. ಕೊನೆಗೆ ಅರಿವಳಿಕೆ ಕೊಟ್ಟು ಅವರನ್ನು ಮಲಗಿಸಿದ ಮೇಲೆ ಗುಡಾರದಿಂದ ಎದ್ದು ಬಂದೆ. ಹೊರಗೆ ಅವರ ಹೆಂಡತಿ ಎದ್ದು ನಿಂತರು. ಸರ್ಜನ್ ಬಂದು ಮಾತಾಡುತ್ತಾರೆ ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಡೆದೆ. ಬಣ್ಣ ಉಳಿಯಿತು ಎಂದು ಆಗಲೇ ಹೇಳುವಂತಿರಲಿಲ್ಲ. ಆಪರೇಷನ್ ಆದ ಮೇಲೆ ಮಿದುಳು ಬಾತುಕೊಳ್ಳುತ್ತದೆ, ಮೇಜಿನ ಮೇಲೆ ಉಳಿದದ್ದು ಮಾರನೆಯ ದಿನ ಇಲ್ಲವಾಗಬಹುದು.

ಅವರು ಪೂರ್ತಿ ಎಚ್ಚರವಾಗಿ ಮಾತಾಡುತ್ತಿದ್ದಾರೆಂದು ಫೋನ್ ಬಂದ ಬೆಳಿಗ್ಗೆ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಅದೇ ಕೈಗಾಡಿಯಲ್ಲಿ ಎರಡು ಹಣ್ಣು ಕೊಂಡೆ. ಠಾಣೆಯ ಸೇತುವೆಯ ಮೇಲೆ ಜನರ ನೂಕಿನಲ್ಲಿ ಚೀಲವನ್ನು ಎದೆಗೆ ಅವುಚಿಕೊಂಡು ನಡೆದೆ. ಮೊದಲ ಗಾಡಿಯನ್ನು ಬಿಟ್ಟುಬಿಟ್ಟೆ. ಜಾಗವಿತ್ತು. ಹತ್ತುವ ಧೈರ್ಯ ಬರಲಿಲ್ಲ.

ಅವರ ತಲೆಗೆ ಬ್ಯಾಂಡೇಜು, ಮುಖ ಒಂದು ಕಡೆ ಊದಿತ್ತು. ಹೆಂಡತಿ ಕಾಲಬಳಿ ಕೂತಿದ್ದರು. ನನ್ನ ಮೂಗನ್ನೇ ನೋಡಿ ಅಣ್ಣ ಎಂದು ಹೇಳಿ ಚೀಲದಿಂದ ಹಣ್ಣು ತೆಗೆದು, ಅವರ ಎಡಗಡೆ, ಮೇಲಕ್ಕೆ ಎತ್ತಿ ಹಿಡಿದೆ.

"ಏನ್ ಕಾಣ್ತದೆ?"

"ಏನೂ ಇಲ್ರಿ."

ಅವರ ಹೆಂಡತಿ ನನ್ನ ಮುಖ ನೋಡಿದರು, ಆಮೇಲೆ ನಾನು ಎತ್ತಿ ಹಿಡಿದಿದ್ದ ಹಣ್ಣನ್ನು ನೋಡಿದರು. ಕಣ್ಣೆದುರಿಗಿದ್ದ ಹಣ್ಣು ಗಂಡನಿಗೆ ಇರಲೇ ಇಲ್ಲ. ಆ ಮೂಲೆಯನ್ನು ಕುರುಡು ಮಾಡಿದ ಮಾತು ನನ್ನದು. ಕೈ ನಿಧಾನವಾಗಿ ಕೆಳಗೆ ತಂದೆ. ಭುಜದ ಮಟ್ಟಕ್ಕೆ ಬರುವಾಗ ಅವರು ಉಸಿರು ಎಳೆದುಕೊಂಡರು.

"ಬಂತ್ರಿ. ಬಾಳಿಹಣ್ಣು."

"ಬಣ್ಣ?"

ನಾನು ಬೇಗ ಹೇಳಿ ಎನ್ನಲಿಲ್ಲ. ಕಣ್ಣು ನನ್ನ ಮೂಗಿನ ಮೇಲೇ ಇತ್ತು, ಹುಬ್ಬು ಗಂಟಿಕ್ಕಿತ್ತು, ಪ್ಲಗ್ಗಿನ ವೈರು ನೋಡಿದ ದಿನದ ಹಾಗೆ.

"ಅಂದಾಜಲೆ ಹೇಳಾಕತ್ತಿಲ್ರಿ," ಎಂದರು. "ಹಸರು ಐತಿ."